ಹಳೆಯ ಮುಕ್ಕಾಲು ಟನ್ ಡೀಸೆಲ್ ಪಿಕಪ್: 7.3, 6.0, ಕಮಿನ್ಸ್ — ಕೊಳ್ಳುವ ಮುನ್ನ ಏನು ನೋಡಬೇಕು?

ಮೆಸ್ಕೀಟ್‌ತೋಟ, ಟೆಕ್ಸಸ್

ಎಲ್ಲರಿಗೂ ನಮಸ್ಕಾರ. ಆಸ್ಟಿನ್‌ನಿಂದ ಪಶ್ಚಿಮಕ್ಕೆ, ಗುಡ್ಡಗಾಡು ಸೀಮೆಯಲ್ಲಿ ನಮ್ಮದೊಂದು ಚಿಕ್ಕ ಜಮೀನಿದೆ. ಟ್ರ್ಯಾಕ್ಟರನ್ನೋ ಹುಲ್ಲಿನ ಉರುಳೆಗಳನ್ನೋ ಟ್ರೇಲರಿನ ಮೇಲೆ ಹೇರಿ ಸಾಗಿಸುವ ಕೆಲಸ ಆಗಾಗ ಬರುತ್ತದೆ. ಟ್ರೇಲರೂ ಸೇರಿ ಎಳೆಯಬೇಕಾದ ತೂಕ 9,000 ಪೌಂಡಿನ ಆಸುಪಾಸು. ಹೊಸ ಹೆವಿ ಡ್ಯೂಟಿ ಟ್ರಕ್‌ಗಳ ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ, ಹಾಗಾಗಿ ಹನ್ನೆರಡು ಸಾವಿರ ಡಾಲರಿನೊಳಗೆ ಮುಕ್ಕಾಲು ಟನ್ ವರ್ಗದ (ಎಫ್-250, 2500 ಎಂಬ ಹೆಸರಿನ) ಹಳೆಯದೊಂದನ್ನು ಹುಡುಕುತ್ತಿದ್ದೇನೆ.

ಸದ್ಯಕ್ಕೆ ಮೂರು ಟ್ರಕ್‌ಗಳು ಕಣ್ಣಿಗೆ ಬಿದ್ದಿವೆ. ಮೊದಲನೆಯದು 2002ರ ಫೋರ್ಡ್ ಎಫ್-250, 7.3 ಲೀಟರ್ ಪವರ್‌ಸ್ಟ್ರೋಕ್ ಡೀಸೆಲ್, ಆಟೋಮ್ಯಾಟಿಕ್ ಗೇರ್‌ಬಾಕ್ಸ್, 2,40,000 ಮೈಲಿ ಓಡಿದೆ. ಎರಡನೆಯದು 2006ರ ಎಫ್-250, 6.0 ಲೀಟರ್ ಡೀಸೆಲ್, ಓಡಿರುವುದು 1,50,000 ಮೈಲಿ ಮಾತ್ರ. ನೋಡಲು ಎಲ್ಲಕ್ಕಿಂತ ಚೆನ್ನಾಗಿದೆ, ಬೆಲೆಯೂ ಎಲ್ಲಕ್ಕಿಂತ ಕಡಿಮೆ. ಕಳೆದ ವರ್ಷವಷ್ಟೇ ಇಜಿಆರ್ ಕೂಲರ್ (ಎಂಜಿನ್ನಿಗೆ ಮರಳಿ ಕಳುಹಿಸುವ ಎಕ್ಸಾಸ್ಟ್ ಹೊಗೆಯನ್ನು ತಣಿಸುವ ಭಾಗ) ಹೊಸದು ಹಾಕಿಸಿದ್ದೇನೆ ಎಂದು ಮಾರುವವರು ಹೇಳುತ್ತಿದ್ದಾರೆ. ಮೂರನೆಯದು 2001ರ ಡಾಡ್ಜ್ ರ‍್ಯಾಮ್ 2500, 5.9 ಲೀಟರ್ ಕಮಿನ್ಸ್, 24 ವಾಲ್ವಿನದು. ಡ್ಯಾಶ್‌ಬೋರ್ಡು ಬಿರುಕುಬಿಟ್ಟು ಚೂರುಚೂರಾಗಿದೆ, ಆದರೆ ಎಂಜಿನ್ ಸದ್ದು ಹದವಾಗಿದೆ.

7.3 ಎಂದರೆ ಕೈಮುಗಿಯುವವರನ್ನೂ 6.0 ಎಂದರೆ ಮೂಗು ಮುರಿಯುವವರನ್ನೂ ಸಾಕಷ್ಟು ಓದಿದ್ದೇನೆ. ನನಗೆ ಬೇಕಿರುವುದು ಅದಲ್ಲ. ಈ ಎಂಜಿನ್‌ಗಳಲ್ಲಿ ಯಾವ ಭಾಗ ಏಕೆ ಕೆಡುತ್ತದೆ, ಕೊಳ್ಳುವ ಮುನ್ನವೇ ಅದನ್ನು ಪತ್ತೆಹಚ್ಚುವುದು ಹೇಗೆ, ದುರಸ್ತಿ ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ. ಸಾಧಾರಣ ರಿಪೇರಿಗಳನ್ನು ನಾನೇ ಮಾಡಿಕೊಳ್ಳಬಲ್ಲೆ.

ಸ್ಪ್ಯಾನರ್‌ಪಾಣಿ, ಒಕ್ಲಹೋಮ

ನಾನು ಡೀಸೆಲ್ ವಾಹನಗಳ ದುರಸ್ತಿಯಲ್ಲೇ ಇರುವವನು. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣು ನಿಂತದ್ದು ‘ಇಜಿಆರ್ ಕೂಲರ್ ಹೊಸದು’ ಎಂಬ ಮಾತಿನ ಮೇಲೆ. ಮಾರುವವರು ಅದನ್ನು ಟ್ರಕ್ಕಿನ ಹೆಚ್ಚುಗಾರಿಕೆಯೆಂದು ಹೇಳಿದ್ದಾರೆ, ಆದರೆ ಹಳೆಯ ಕೂಲರ್ ಹೋದದ್ದೇಕೆ, ಅದರ ಜೊತೆಗೆ ಆಯಿಲ್ ಕೂಲರನ್ನೂ ಬದಲಿಸಿದರೇ ಎಂದು ನೀವು ಮರುಪ್ರಶ್ನೆ ಹಾಕಬೇಕು. ಉತ್ತರ ‘ಇಲ್ಲ’ ಎಂದಾದರೆ, ಬೇರಿಗೆ ರೋಗ ಬಂದಾಗ ಎಲೆಗೆ ಔಷಧಿ ಹೊಡೆದಂತೆ ಆಗಿದೆ.

ಕಾರಣ ಹೀಗಿದೆ. 2003ರಿಂದ 2007ರವರೆಗಿನ ಸೂಪರ್ ಡ್ಯೂಟಿಗಳಲ್ಲಿ ಬಂದ ಈ 6.0 ಎಂಜಿನ್ನನ್ನು, ಅದಕ್ಕೂ ಹಿಂದಿನ 7.3ರಂತೆಯೇ, ಫೋರ್ಡ್‌ಗೆ ತಯಾರಿಸಿಕೊಟ್ಟದ್ದು ನ್ಯಾವಿಸ್ಟಾರ್. ಇದರ ಆಯಿಲ್ ಕೂಲರ್ ಎಂಜಿನ್ನಿನ ಎರಡು ಸಾಲು ಸಿಲಿಂಡರುಗಳ ನಡುವಿನ ಕಣಿವೆಯಲ್ಲಿ ಅಡಗಿ ಕುಳಿತಿದೆ, ಅದರೊಳಗೆ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಹರಿಯುವ ದಾರಿಗಳು ಬಹಳ ಕಿರಿದು. ಬ್ಲಾಕ್ ಎರಕ ಹೊಯ್ದಾಗ ಉಳಿದ ಮರಳಿನ ಕಣಗಳು, ಮೂಲತಃ ತುಂಬಿಸುತ್ತಿದ್ದ ಚಿನ್ನದ ಬಣ್ಣದ ಕೂಲೆಂಟಿನಿಂದ ಕಾಲಕ್ರಮೇಣ ಬೇರ್ಪಡುವ ಸಿಲಿಕೇಟು, ಎರಡೂ ಸೇರಿ ಆ ದಾರಿಗಳನ್ನು ಕಟ್ಟಿಬಿಡುತ್ತವೆ. ಆಯಿಲ್ ಕೂಲರನ್ನು ದಾಟಿದ ಕೂಲೆಂಟೇ ಮುಂದೆ ಇಜಿಆರ್ ಕೂಲರಿಗೆ ಹೋಗಬೇಕಾದ್ದರಿಂದ, ಮೊದಲನೆಯದು ಕಟ್ಟಿಕೊಂಡರೆ ಎರಡನೆಯದಕ್ಕೆ ನೀರೇ ಸಾಲದು. ಎಕ್ಸಾಸ್ಟ್‌ನ ಕುದಿಬಿಸಿ ಒಂದು ಕಡೆ, ಅರೆಬರೆ ಕೂಲೆಂಟ್ ಇನ್ನೊಂದು ಕಡೆ. ಕೊನೆಗೆ ಕೂಲರಿನೊಳಗಿನ ಕೊಳವೆ ಸೀಳುತ್ತದೆ, ಕೂಲೆಂಟ್ ಇನ್‌ಟೇಕಿಗೆ ಸೋರುತ್ತದೆ, ಸೈಲೆನ್ಸರಿನಿಂದ ಬಿಳಿಯ ಹಬೆ ಬರುತ್ತದೆ. ಸಿಲಿಂಡರಿಗೆ ನೀರು ನುಗ್ಗಿದರೆ ಒತ್ತಡ ಮಿತಿಮೀರಿ, ಸಿಲಿಂಡರ್ ಹೆಡ್ಡನ್ನು ಬ್ಲಾಕಿಗೆ ಬಿಗಿಹಿಡಿಯುವ ಹೆಡ್ ಬೋಲ್ಟುಗಳು ಹಿಗ್ಗುತ್ತವೆ. ಈ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನ ಸುತ್ತ ಇರುವುದು ನಾಲ್ಕೇ ಬೋಲ್ಟು, ಅವನ್ನೂ ಪಕ್ಕದ ಸಿಲಿಂಡರಿನೊಡನೆ ಹಂಚಿಕೊಂಡಿದೆ. ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗುವುದು ಇಡೀ ಸರಪಳಿಯ ಕಟ್ಟಕಡೆಯ ಕೊಂಡಿ, ಆದರೆ ಜನ ಮಾತನಾಡುವುದೆಲ್ಲ ಅದರ ಬಗ್ಗೆಯೇ. ಶಕ್ತಿ ಹೆಚ್ಚಿಸಲು ಟ್ಯೂನರ್ ಹಾಕಿ ಓಡಿಸಿದ ಟ್ರಕ್ ಆಗಿದ್ದರೆ ಈ ಕೊಂಡಿಗೆ ಬೇಗನೆ ತಲುಪುತ್ತದೆ. ಆದ್ದರಿಂದ ಸ್ಟೀರಿಂಗಿನ ಕೆಳಗಿನ ಒಬಿಡಿ ಪೋರ್ಟಿನ (ಟ್ರಕ್ಕಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಸಾಕೆಟ್) ಸುತ್ತ, ಮುಂಗಾಜಿನ ಅಂಚಿನಲ್ಲಿ ಅಂಥ ಸಾಧನ ಕೂರಿಸಿ ತೆಗೆದ ಗುರುತಿದೆಯೇ ನೋಡಿ.

ಇದನ್ನು ಎಂಜಿನ್ ಬಿಚ್ಚದೆ ಅಳೆಯಬಹುದು. ಎಂಜಿನ್ ಆಯಿಲಿನ ಉಷ್ಣತೆಯನ್ನೂ ಕೂಲೆಂಟಿನ ಉಷ್ಣತೆಯನ್ನೂ ಒಟ್ಟಿಗೆ ತೋರಿಸುವ ಒಬಿಡಿ ರೀಡರ್ ಒಂದನ್ನು ಜೋಡಿಸಿ, ಎಂಜಿನ್ ಪೂರ್ತಿ ಕಾದ ಮೇಲೆ ಸಮತಟ್ಟಾದ ಹೆದ್ದಾರಿಯಲ್ಲಿ ಗಂಟೆಗೆ 65 ಮೈಲಿಯಲ್ಲಿ ಸ್ಥಿರವಾಗಿ ಸ್ವಲ್ಪ ದೂರ ಓಡಿಸಿ. ಆಯಿಲ್, ಕೂಲೆಂಟಿಗಿಂತ 15 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಹೆಚ್ಚು ಬಿಸಿಯಾಗಿದ್ದರೆ ಆಯಿಲ್ ಕೂಲರ್ ಕಟ್ಟಿಕೊಳ್ಳುತ್ತಿದೆ ಎಂದೇ ಅರ್ಥ. ಕೂಲೆಂಟ್ ಡಬ್ಬಿಯ ಮುಚ್ಚಳದ ಸುತ್ತ ಬಿಳಿಯ ಒಣ ಕಲೆ ಇದೆಯೇ ಎಂದೂ ನೋಡಿ. ಭಾರ ಎಳೆದಾಗ ಒಳಗಿನ ಒತ್ತಡ ಮುಚ್ಚಳದ 16 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮಿತಿಯನ್ನು ಮೀರಿ ಕೂಲೆಂಟ್ ಉಗುಳಿದ ಗುರುತು ಅದು. ಮುಚ್ಚಳವೇ ಸಡಿಲವಾಗಿದ್ದರೂ ಹೀಗಾಗಬಹುದು, ಹಾಗಾಗಿ ಅದೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ.

ಎರಡನೆಯ ವಿಚಾರ ಸ್ಟಾರ್ಟಿಂಗ್. ಇಂಜೆಕ್ಟರುಗಳು ಕೆಲಸ ಮಾಡುವುದು ಎಂಜಿನ್ ಆಯಿಲಿನ ಒತ್ತಡದಿಂದ. ಸುಮಾರು 500 ಪಿಎಸ್‌ಐ ಏಳದಿದ್ದರೆ ಅವು ಬಾಯಿ ಬಿಡುವುದೇ ಇಲ್ಲ. 2005ರಿಂದ 2007ರವರೆಗಿನವುಗಳಲ್ಲಿ ಹೈ ಪ್ರೆಷರ್ ಪಂಪಿನ ಬಳಿ ಎಸ್‌ಟಿಸಿ ಎಂಬ ಒತ್ತಿ ಕೂರಿಸುವ ಫಿಟ್ಟಿಂಗ್ ಇದೆ. ಅದು ಸಡಿಲವಾದರೆ, ಇಲ್ಲವೇ ಆಯಿಲ್ ಸಾಗಿಸುವ ಸ್ಟ್ಯಾಂಡ್‌ಪೈಪ್ ಮತ್ತು ಡಮ್ಮಿ ಪ್ಲಗ್‌ಗಳ ಓ-ರಿಂಗ್ ಹರಿದರೆ ಒತ್ತಡ ಒಳಗೊಳಗೇ ಸೋರಿಹೋಗುತ್ತದೆ. ಬೆಳಿಗ್ಗೆ ಆಯಿಲ್ ದಪ್ಪವಾಗಿರುವಾಗ ಎಂಜಿನ್ ಹತ್ತಿಕೊಳ್ಳುತ್ತದೆ. ಊರೂರು ಓಡಿಸಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೆ ಮತ್ತೆ ಹತ್ತುವುದಿಲ್ಲ, ಅರ್ಧ ಗಂಟೆ ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಹತ್ತುತ್ತದೆ. ಇದನ್ನು ಇಂಜೆಕ್ಟರ್ ದೋಷವೆಂದು ತಿಳಿದು ಎಂಟೂ ಇಂಜೆಕ್ಟರ್ ಬದಲಿಸಿದವರನ್ನು ಕಂಡಿದ್ದೇನೆ. ಸುಧಾರಿತ ಫಿಟ್ಟಿಂಗ್ ಮತ್ತು ಸುಧಾರಿತ ಸ್ಟ್ಯಾಂಡ್‌ಪೈಪುಗಳು ಸಿಗುತ್ತವೆ, ಒಮ್ಮೆ ಸರಿಯಾಗಿ ಹಾಕಿದರೆ ತೊಂದರೆ ಮರುಕಳಿಸುವುದು ಅಪರೂಪ.

ಇದರ ತದ್ವಿರುದ್ಧವಾದದ್ದು ತಣ್ಣಗಿರುವಾಗ ಹತ್ತದಿರುವ ತೊಂದರೆ. ಅದಕ್ಕೆ ಸಾಮಾನ್ಯ ಕಾರಣ ಎಫ್‌ಐಸಿಎಂ ಎಂಬ ಇಂಜೆಕ್ಟರ್ ನಿಯಂತ್ರಕ ಪೆಟ್ಟಿಗೆ. ಅದು ಇಂಜೆಕ್ಟರುಗಳಿಗೆ 48 ವೋಲ್ಟ್ ಕೊಡಬೇಕು. ತಣ್ಣನೆಯ ಎಂಜಿನ್ನಿನಲ್ಲಿ 45ಕ್ಕಿಂತ ಕೆಳಗಿಳಿದರೆ ಅದರ ಪವರ್ ಬೋರ್ಡ್ ಸೋತಿದೆ. ಸೋಲುವುದು ಹೆಚ್ಚಾಗಿ ಎರಡು ಬ್ಯಾಟರಿಗಳಲ್ಲಿ ಒಂದು ಹಳತಾಗಿ ದುರ್ಬಲವಾದದ್ದರಿಂದ, ಹಾಗಾಗಿ ಬ್ಯಾಟರಿ ಪರೀಕ್ಷಿಸದೆ ಬೋರ್ಡ್ ಮಾತ್ರ ಬದಲಿಸುವುದು ವ್ಯರ್ಥ. ನೀವು ಹೋಗುವಷ್ಟರಲ್ಲಿ ಎಂಜಿನ್ ಆಗಲೇ ಬೆಚ್ಚಗಿದ್ದರೆ ಅದು ಏಕೆ ಬೆಚ್ಚಗಿದೆ ಎಂದು ಕೇಳಿ; ಸಾಧ್ಯವಾದರೆ ಬೆಳಗಿನ ಹೊತ್ತು, ಮುಟ್ಟಬೇಡಿ ಎಂದು ಮೊದಲೇ ಹೇಳಿ ಹೋಗಿ.

ಉಪ್ಪುರಸ್ತೆ, ಒಹಾಯೊ

6.0 ಬಗ್ಗೆ ಮೇಲಿನವರು ಹೇಳಿದ ಮೇಲೆ ನಾನು ಸೇರಿಸುವುದು ಹೆಚ್ಚೇನಿಲ್ಲ. ಕಮಿನ್ಸ್ ಬಗ್ಗೆ ಒಂದೆರಡು ಮಾತು ಹೇಳುತ್ತೇನೆ, ಏಕೆಂದರೆ ಅದಕ್ಕೆ ಕೇಡೇ ಇಲ್ಲ ಎಂಬ ನಂಬಿಕೆ ಬೆಲೆಯನ್ನು ವಿನಾಕಾರಣ ಏರಿಸಿದೆ.

2001ರ ಆ 24 ವಾಲ್ವಿನ ಎಂಜಿನ್ನಿಗೆ ಡೀಸೆಲ್ ಕೊಡುವುದು ವಿಪಿ44 ಎಂಬ ಇಂಜೆಕ್ಷನ್ ಪಂಪ್. ಅದಕ್ಕೆ ತಂಪೂ ಜಾರುಗುಣವೂ ಸಿಗುವುದು ಅದರೊಳಗೆ ಹರಿಯುವ ಡೀಸೆಲಿನಿಂದಲೇ. ಎಂಜಿನ್ನಿನ ಪಕ್ಕದಲ್ಲಿರುವ ಸಣ್ಣ ಎಲೆಕ್ಟ್ರಿಕ್ ಲಿಫ್ಟ್ ಪಂಪ್ ಸೊರಗಿದರೆ ಎಂಜಿನ್ ಓಡುತ್ತಲೇ ಇರುತ್ತದೆ, ಚಾಲಕನಿಗೆ ಏನೂ ತಿಳಿಯುವುದಿಲ್ಲ, ಅಷ್ಟರಲ್ಲಿ ವಿಪಿ44 ಒಳಗೇ ಬೆಂದು ಹಾಳಾಗಿರುತ್ತದೆ. ಪಂಪಿನ ದೋಷ ಸೂಚಿಸುವ ಪಿ0216 ಕೋಡ್ ಕಂಪ್ಯೂಟರಿನಲ್ಲಿ ಕಾಣಿಸಿಕೊಳ್ಳುವುದು ಬಹುಪಾಲು ಎಲ್ಲ ಮುಗಿದ ಮೇಲೆ. ಆದ್ದರಿಂದ ಟ್ರಕ್ಕಿನಲ್ಲಿ ಇಂಧನ ಒತ್ತಡದ ಮೀಟರ್ ಇದೆಯೇ ನೋಡಿ. ಇದ್ದರೆ ಹಿಂದಿನ ಮಾಲೀಕರು ವಿಷಯ ತಿಳಿದವರೆಂದು ಊಹಿಸಬಹುದು. ಇಲ್ಲದಿದ್ದರೆ ತಾತ್ಕಾಲಿಕವಾಗಿ ಒಂದನ್ನು ಜೋಡಿಸಿ, ಪೂರ್ತಿ ವೇಗವರ್ಧನೆಯಲ್ಲಿಯೂ 10 ಪಿಎಸ್‌ಐ ಉಳಿಯುತ್ತದೆಯೇ ಎಂದು ಪರೀಕ್ಷಿಸಿ.

ಬ್ಲಾಕಿನ ಮೇಲೆ ಎರಕದಲ್ಲಿ ‘53’ ಎಂದು ದೊಡ್ಡದಾಗಿ ಮೂಡಿದೆಯೇ ಎಂಬುದೂ ಮುಖ್ಯ. ಆ ಸರಣಿಯ ಬ್ಲಾಕುಗಳಲ್ಲಿ ಕೂಲೆಂಟ್ ಹರಿಯುವ ಗೋಡೆ ತೆಳುವಾಗಿದ್ದು ಹೊರಮೈಯಲ್ಲಿ ಉದ್ದುದ್ದ ಬಿರುಕು ಬಿಡುವುದುಂಟು. ನಿಮ್ಮ 2001ನೆಯ ಇಸವಿ ಸರಿಯಾಗಿ ಆ ಅವಧಿಯೊಳಗೆ ಬರುತ್ತದೆ. ಪ್ರತಿಯೊಂದೂ ಬಿರುಕುಬಿಡುತ್ತದೆಂದಲ್ಲ, ಆದರೆ ನಾನಾಗಿದ್ದರೆ ಅದಕ್ಕೆ ಹೆಚ್ಚಿನ ಬೆಲೆ ಕೊಡುವುದಿಲ್ಲ. ಇನ್ನು ಮುಂಭಾಗದ ಗೇರ್ ಕೇಸಿನಲ್ಲಿರುವ ಉಕ್ಕಿನ ಸಣ್ಣ ಡೋವೆಲ್ ಪಿನ್, ಕಂಪನಕ್ಕೆ ಸಡಿಲಗೊಂಡು ಟೈಮಿಂಗ್ ಗೇರುಗಳ ನಡುವೆ ಬಿದ್ದರೆ ಕೇಸೂ ಒಡೆಯುತ್ತದೆ, ಎಂಜಿನ್ನೂ ಹಾಳಾಗುತ್ತದೆ. ಅಮೆರಿಕದ ಮೆಕ್ಯಾನಿಕ್‌ಗಳು ಇದನ್ನು ಕಿಲ್ಲರ್ ಡೋವೆಲ್ ಪಿನ್ ಎಂದೇ ಕರೆಯುತ್ತಾರೆ. ಪಕ್ಕದ ಬೋಲ್ಟಿಗೆ ಲೋಹದ ಒಂದು ತುಂಡು ಪಟ್ಟಿ ಸಿಕ್ಕಿಸಿ ಪಿನ್ನಿಗೆ ಅಡ್ಡ ಕೊಟ್ಟರೆ ಮುಗಿಯಿತು; ಸಾಮಾನು ಅಗ್ಗ, ಆದರೆ ಅಲ್ಲಿಗೆ ತಲುಪಲು ಎಂಜಿನ್ನಿನ ಮುಂಭಾಗ ಬಿಚ್ಚಬೇಕು. ಬಿರುಕುಬಿಟ್ಟ ಡ್ಯಾಶ್‌ಬೋರ್ಡ್ ಆ ಪೀಳಿಗೆಯ ರ‍್ಯಾಮ್‌ಗಳಿಗೆಲ್ಲ ಅಂಟಿದ ಗ್ರಹಚಾರ, ಅದನ್ನು ಲೆಕ್ಕಕ್ಕಿಡಬೇಡಿ. ಆಟೋಮ್ಯಾಟಿಕ್ ಆಗಿದ್ದರೆ ಅದರ 47ಆರ್‌ಇ ಗೇರ್‌ಬಾಕ್ಸ್ ಈ ಎಂಜಿನ್ನಿನ ಎಳೆತಕ್ಕೆ ಸರಿಸಾಟಿಯಲ್ಲ ಎಂಬುದನ್ನು ಮಾತ್ರ ಲೆಕ್ಕಕ್ಕಿಡಿ. ಟ್ರ್ಯಾಕ್ ಬಾರ್ (ಮುಂದಿನ ಆಕ್ಸಲ್ ಅಡ್ಡಕ್ಕೆ ಸರಿಯದಂತೆ ಹಿಡಿಯುವ ಸರಳು) ಸವೆದಿದ್ದರೆ ರಸ್ತೆಯ ಒಂದು ಉಬ್ಬಿಗೆ ತಾಗಿದೊಡನೆ ಮುಂಚಕ್ರಗಳು ಹುಚ್ಚೆದ್ದು ನಡುಗುತ್ತವೆ. ಬೇರೊಬ್ಬರಿಗೆ ಸ್ಟೀರಿಂಗನ್ನು ಅತ್ತಿತ್ತ ಅಲುಗಾಡಿಸಲು ಹೇಳಿ, ಕೆಳಗೆ ಮಲಗಿ ಅದರ ಕೀಲನ್ನು ಕಣ್ಣಾರೆ ನೋಡಿ.

ಕೊನೆಯದಾಗಿ, ಟೆಕ್ಸಸ್‌ನಲ್ಲಿ ಮಾರಾಟಕ್ಕಿರುವ ಟ್ರಕ್ಕೆಲ್ಲ ಟೆಕ್ಸಸ್‌ನದೇ ಆಗಿರುವುದಿಲ್ಲ. ಹಿಮಕ್ಕೆ ಉಪ್ಪು ಸುರಿಯುವ ನಮ್ಮ ಕಡೆಯಿಂದ ಹೋದದ್ದಾಗಿದ್ದರೆ ಹಿಂಬದಿಯ ಸ್ಪ್ರಿಂಗ್ ಶ್ಯಾಕಲ್, ಬ್ರೇಕ್ ಪೈಪು, ಕ್ಯಾಬಿನ್ ಕೂರುವ ಬುಡ, ಇವೆಲ್ಲ ತುಕ್ಕು ಹಿಡಿದಿರುತ್ತವೆ. 7.3ರಲ್ಲಿ ಆಯಿಲ್ ಪ್ಯಾನ್ ತುಕ್ಕಿಗೆ ತೂತುಬಿದ್ದರೆ ಅದನ್ನು ಬದಲಿಸಲು ಎಂಜಿನ್ನನ್ನೇ ಮೇಲೆತ್ತಬೇಕು. ಹೊಸದಾಗಿ ಕಪ್ಪು ಬಣ್ಣ ಹೊಡೆದ ಚಾಸಿ ಕಂಡರೆ ಸುತ್ತಿಗೆಯಿಂದ ತಟ್ಟಿ ನೋಡದೆ ನಂಬಬೇಡಿ.

ಮೆಸ್ಕೀಟ್‌ತೋಟ, ಟೆಕ್ಸಸ್

ಇಬ್ಬರಿಗೂ ಅನಂತ ಧನ್ಯವಾದಗಳು. ಮೂರನ್ನೂ ನೋಡಿ ಬಂದೆ. ರ‍್ಯಾಮ್‌ನ ಬ್ಲಾಕಿನಲ್ಲಿ 53 ಎಂದೇ ಇದೆ, ಇಂಧನ ಒತ್ತಡದ ಮೀಟರ್ ಇಲ್ಲ, ಬೆಲೆಯಲ್ಲಿ ಅವರು ಒಂದು ಡಾಲರ್ ಇಳಿಸಲೂ ಒಪ್ಪಲಿಲ್ಲ, ಅದನ್ನು ಕೈಬಿಟ್ಟೆ.

6.0 ಟ್ರಕ್ಕಿನಲ್ಲಿ ರೀಡರ್ ಜೋಡಿಸಿ ಹೆದ್ದಾರಿಗೆ ಒಯ್ದೆ. ಸ್ಥಿರ ವೇಗದಲ್ಲಿ ಕೂಲೆಂಟ್ 194, ಆಯಿಲ್ 221 ತೋರಿಸಿತು, ಟ್ರೇಲರ್ ಇಲ್ಲದೆಯೇ. ಆಯಿಲ್ ಕೂಲರ್ ಬದಲಿಸಿದ ರಶೀದಿ ಮಾಲೀಕರ ಬಳಿ ಇಲ್ಲ. ಕಾರ್ಯಾಗಾರದವರು ಇಜಿಆರ್ ಕೂಲರ್ ಸಾಕೆಂದರಂತೆ. ಬಿಸಿಯಾಗಿದ್ದಾಗ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ತಕ್ಷಣ ಹತ್ತಿತು, ವೋಲ್ಟೇಜು 48. ಬೇಕಾದರೆ ಇಜಿಆರ್ ಅನ್ನೇ ಕಿತ್ತುಹಾಕಿಸಿ, ಆಗ ಈ ತಲೆನೋವೇ ಇರುವುದಿಲ್ಲ ಎಂದು ಮಾಲೀಕರು ಸಲಹೆ ಕೊಟ್ಟರು. 

7.3 ಬೆಳಿಗ್ಗೆ ಒಂದೇ ಸಲಕ್ಕೆ ಹತ್ತಿತು. ಆದರೆ ನಿಂತಲ್ಲೇ ಓಡುವಾಗ ಆಗೊಮ್ಮೆ ಈಗೊಮ್ಮೆ ಒಂದು ಸಿಲಿಂಡರ್ ತಪ್ಪಿದಂತೆ ಎಡವುತ್ತದೆ. ಎಂಜಿನ್ನಿನ ಹಿಂಬದಿ, ಗೇರ್‌ಬಾಕ್ಸ್ ಸೇರುವ ಜಾಗದಿಂದ ಆಯಿಲ್ ತೊಟ್ಟಿಕ್ಕುತ್ತದೆ. ರಿಯರ್ ಮೇನ್ ಸೀಲ್ (ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯ ಆಯಿಲ್ ಸೀಲು) ಹೋಗಿದ್ದರೆ ಗೇರ್‌ಬಾಕ್ಸ್ ಇಳಿಸಬೇಕಲ್ಲವೇ?

ಪೆಟ್ರೋಲೇಸಾಕು, ಆರಿಜೋನಾ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಮನ್ನಿಸಿ. ಆಗಾಗ 9,000 ಪೌಂಡ್ ಎಳೆಯಲು ಡೀಸೆಲ್ ಏಕೆ ಬೇಕು ಎಂಬುದೇ ನನಗೆ ಅರ್ಥವಾಗಿಲ್ಲ. 2001ರಿಂದ 2006ರ ನಡುವಿನ ಷೆವರ್ಲೆ ಸಿಲ್ವರಾಡೊ 2500ಎಚ್‌ಡಿ, 6.0 ಲೀಟರ್ ಪೆಟ್ರೋಲ್ ವೋರ್ಟೆಕ್ ಎಂಜಿನ್, 4ಎಲ್80ಇ ಗೇರ್‌ಬಾಕ್ಸ್ ಇರುವಂಥದ್ದು ನಿಮ್ಮ ಬೆಲೆಯ ಅರ್ಧಕ್ಕೇ ಸಿಗಬಹುದು. ಅದರಲ್ಲೂ ದೋಷಗಳಿವೆ: ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಹಿಂತುದಿಯ ಬೋಲ್ಟ್ ತುಂಡಾಗಿ ತಣ್ಣಗಿರುವಾಗ ಟಿಕ್‌ಟಿಕ್ ಸದ್ದು ಬರುತ್ತದೆ, ಇನ್‌ಟೇಕಿನ ಕೆಳಗಿನ ನಾಕ್ ಸೆನ್ಸರ್ ನೀರಿಳಿದು ಕೆಡುತ್ತದೆ, 2003ರ ನಂತರದವುಗಳಲ್ಲಿ ಡ್ಯಾಶ್‌ಬೋರ್ಡಿನ ಮುಳ್ಳುಗಳು ಮನಸ್ಸಿಗೆ ಬಂದ ಅಂಕಿ ತೋರಿಸುತ್ತವೆ. ಯಾವುದೂ ನಿಮ್ಮನ್ನು ರಸ್ತೆಯಲ್ಲಿ ಕೂರಿಸುವುದಿಲ್ಲ, ಎಲ್ಲವೂ ಅಂಗಳದಲ್ಲೇ ಮಾಡಬಹುದಾದ ಕೆಲಸ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ ನಿಜ, ಏರಿನಲ್ಲಿ ಗುರ್ರೆನ್ನುತ್ತದೆ ಎಂಬುದೂ ನಿಜ.

ಸ್ಪ್ಯಾನರ್‌ಪಾಣಿ, ಒಕ್ಲಹೋಮ

ಪೆಟ್ರೋಲ್ ಪಕ್ಷದವರ ವಾದದಲ್ಲಿ ಹುರುಳಿದೆ. ವರ್ಷಕ್ಕೆ ಕೆಲವೇ ಸಾವಿರ ಮೈಲಿ ಓಡಿಸುವುದಾದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇರಲಿ, ಕೇಳಿದ ಪ್ರಶ್ನೆಗೆ ಬರುತ್ತೇನೆ.

ಫೋರ್ಡ್ 6.0 ಡೀಸೆಲಿನಲ್ಲಿ ಆಯಿಲಿಗೂ ಕೂಲೆಂಟಿಗೂ ಅಂತರ 27 ಡಿಗ್ರಿ, ಅದೂ ಖಾಲಿ ಟ್ರಕ್ಕಿನಲ್ಲಿ. ಆಯಿಲ್ ಕೂಲರ್ ಕಟ್ಟಿದೆ, ಹೊಸ ಇಜಿಆರ್ ಕೂಲರ್ ಹಳೆಯದರ ದಾರಿಯನ್ನೇ ಹಿಡಿದಿದೆ. ಸ್ಟಾರ್ಟಿಂಗ್ ಮತ್ತು ವೋಲ್ಟೇಜು ಚೆನ್ನಾಗಿರುವುದರಿಂದ ಎಂಜಿನ್ ಇನ್ನೂ ಉಳಿಸಿಕೊಳ್ಳುವಂಥದ್ದೇ. ಆಯಿಲ್ ಕೂಲರ್ ಬದಲಿಸಿ, ಕೂಲಿಂಗ್ ವ್ಯವಸ್ಥೆಯನ್ನೆಲ್ಲ ತೊಳೆದು, ಇಸಿ-1 ಮಾನದಂಡಕ್ಕೆ ಒಪ್ಪುವ ಸಿಲಿಕೇಟ್ ಇಲ್ಲದ ಕೂಲೆಂಟ್ ತುಂಬಿದರೆ ಅದು ದಾರಿಗೆ ಬರುತ್ತದೆ. ಆ ಖರ್ಚನ್ನು ಪೂರ್ತಿಯಾಗಿ ಬೆಲೆಯಿಂದ ಕಳೆಯಲು ಒಪ್ಪಿದರೆ ಮಾತ್ರ ಮಾತು ಮುಂದುವರಿಸಿ. ಇಜಿಆರ್ ಕಿತ್ತುಹಾಕುವ ಸಲಹೆಯನ್ನು ಕಿವಿಗೆ ಹಾಕಿಕೊಳ್ಳಬೇಡಿ. ಕ್ಲೀನ್ ಏರ್ ಆಕ್ಟ್ ಪ್ರಕಾರ ಅದು ಕಾನೂನುಬಾಹಿರ, ಅಷ್ಟೇ ಅಲ್ಲ, ಇಜಿಆರ್ ಹೋದರೂ ಕಟ್ಟಿದ ಆಯಿಲ್ ಕೂಲರ್ ಕಟ್ಟಿಯೇ ಇರುತ್ತದೆ, ಆಯಿಲ್ ಬೇಯುತ್ತಲೇ ಇರುತ್ತದೆ. ಆಯಿಲ್ ಫಿಲ್ಟರಿನ ಮುಚ್ಚಳವನ್ನೂ ನೋಡಿ: ಮೂಲ ಮುಚ್ಚಳಕ್ಕೆ ಬದಲು ಬೇರೆ ಅಳತೆಯದನ್ನು, ಎತ್ತರ ಹೊಂದದ ಫಿಲ್ಟರಿನೊಂದಿಗೆ ಹಾಕಿದ್ದರೆ ಫಿಲ್ಟರ್ ಸರಿಯಾಗಿ ಕೂರುವುದಿಲ್ಲ, ಶೋಧಿಸದ ಆಯಿಲ್ ನೇರವಾಗಿ ಇಂಜೆಕ್ಟರುಗಳಿಗೆ ಹೋಗುತ್ತದೆ.

ಆದರೆ ನನ್ನ ಒಲವು ನಿಮ್ಮ 7.3ರ ಕಡೆಗೆ. ಎಂಜಿನ್ ದೊಡ್ಡ ಹೆಸರಿನದೆಂಬುದಕ್ಕಲ್ಲ, ನೀವು ಹೇಳಿದ ಎರಡೂ ದೋಷಗಳು ಅಗ್ಗದವು ಎಂಬುದಕ್ಕೆ. ಹಿಂಬದಿಯ ಆಯಿಲ್ ಕಂಡೊಡನೆ ರಿಯರ್ ಮೇನ್ ಸೀಲ್ ಎನ್ನಬೇಡಿ. ಟರ್ಬೊ ಕೂರುವ ಪೀಠದ ಓ-ರಿಂಗ್ ಅಥವಾ ಹೈ ಪ್ರೆಷರ್ ಪಂಪ್ ಸೋರಿದರೆ ಆಯಿಲ್ ಮೇಲಿನ ಕಣಿವೆಯಲ್ಲಿ ಶೇಖರವಾಗಿ, ಹಿಂದಕ್ಕೆ ಹರಿದು, ಸರಿಯಾಗಿ ಆ ಜಾಗದಿಂದಲೇ ಕೆಳಗೆ ಬೀಳುತ್ತದೆ. ಟಾರ್ಚು ಹಿಡಿದು ಟರ್ಬೊದ ಕೆಳಗಿನ ಕಣಿವೆಯೊಳಗೆ ಇಣುಕಿ. ಅಲ್ಲಿ ಒದ್ದೆಯಿದ್ದರೆ ಗೇರ್‌ಬಾಕ್ಸ್ ಇಳಿಸುವ ಅಗತ್ಯವಿಲ್ಲ. ಕಣಿವೆಯಲ್ಲಿ ಡೀಸೆಲ್ ವಾಸನೆ ಬಂದರೆ ಇಂಧನ ಫಿಲ್ಟರಿನ ಬಟ್ಟಲು ಸೋರುತ್ತಿದೆ, ಅದಕ್ಕೂ ಓ-ರಿಂಗ್ ಕಿಟ್ ಸಿಗುತ್ತದೆ.

ಎಂಜಿನ್ ಎಡವುವುದಕ್ಕೆ ಕಾರಣವೆಂದು ಮೊದಲು ಅನುಮಾನಿಸಬೇಕಾದದ್ದು ವಾಲ್ವ್ ಕವರಿನ ಕೆಳಗಿನ ವೈರಿಂಗನ್ನು. ಇಂಜೆಕ್ಟರುಗಳ ಮತ್ತು ಗ್ಲೋ ಪ್ಲಗ್‌ಗಳ (ತಣ್ಣನೆಯ ಸಿಲಿಂಡರನ್ನು ಸ್ಟಾರ್ಟಿಗೆ ಮುನ್ನ ಕಾಯಿಸುವವು) ವೈರುಗಳು ವಾಲ್ವ್ ಕವರ್ ಗ್ಯಾಸ್ಕೆಟಿನ ಮೂಲಕವೇ ಒಳಹೋಗುತ್ತವೆ, ಬಿಸಿಗೂ ಕಂಪನಕ್ಕೂ ಆ ಪ್ಲಗ್ ಸಡಿಲಗೊಂಡು ಸುಟ್ಟುಕೊಳ್ಳುತ್ತದೆ. ಕವರ್ ತೆಗೆದಾಗ ಪ್ಲಗ್ಗಿನ ಪಿನ್ನುಗಳ ಬುಡ ಕಂದುಬಣ್ಣಕ್ಕೆ ತಿರುಗಿ ಕರಗಿರುವುದು ಕಾಣಿಸಿದರೆ ಅದೇ ಕಳ್ಳ; ಹೊಸ ವೈರಿಂಗ್, ಹೊಸ ಗ್ಯಾಸ್ಕೆಟ್, ಮತ್ತೆ ಸಡಿಲವಾಗದಂತೆ ಹಿಡಿಯುವ ಕ್ಲಿಪ್ ಹಾಕಿ ಮುಚ್ಚಿ. ಕ್ಯಾಮ್ ಪೊಸಿಷನ್ ಸೆನ್ಸರ್ ಒಂದನ್ನು 10 ಎಂಎಂ ಸ್ಪ್ಯಾನರಿನೊಂದಿಗೆ ಗ್ಲೋವ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ. ಫೋರ್ಡ್ ಇದಕ್ಕಾಗಿ ರೀಕಾಲ್ ಕೂಡ ಮಾಡಿತ್ತು. ಅದು ಸತ್ತರೆ ಎಂಜಿನ್ ಮುನ್ಸೂಚನೆಯಿಲ್ಲದೆ ನಿಲ್ಲುತ್ತದೆ, ಸ್ಟಾರ್ಟರ್ ತಿರುಗಿಸುವಾಗ ಟ್ಯಾಕೋಮೀಟರಿನ ಮುಳ್ಳು ಸೊನ್ನೆಯಿಂದ ಅಲುಗುವುದಿಲ್ಲ.

ಬೆಲೆ ಒಪ್ಪಿಕೊಳ್ಳುವ ಮುನ್ನ ನೋಡಬೇಕಾದದ್ದು ಗೇರ್‌ಬಾಕ್ಸ್. ಇದರ 4ಆರ್100 ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಭಾರ ಎಳೆದು ಬಿಸಿಯಾದರೆ ಬೇಗ ಸೋಲುತ್ತದೆ. ಆಯಿಲ್ ಕೆಂಪಗಿದೆಯೇ, ಸುಟ್ಟ ವಾಸನೆ ಇದೆಯೇ, ಟಾರ್ಕ್ ಕನ್ವರ್ಟರ್ ಕ್ಲಚ್ ಹಿಡಿದುಕೊಳ್ಳುವಾಗ ನಡುಕ ಬರುತ್ತದೆಯೇ ಗಮನಿಸಿ. ನಡುಕವಿದ್ದರೆ ಅದು ಅಗ್ಗದ ದೋಷಗಳ ಪಟ್ಟಿಯಿಂದ ಹೊರಗೆ.

ಮೆಸ್ಕೀಟ್‌ತೋಟ, ಟೆಕ್ಸಸ್

ಕಣಿವೆ ಒದ್ದೆಯಾಗಿತ್ತು, ಆಯಿಲ್ ಮಾತ್ರ, ಡೀಸೆಲ್ ವಾಸನೆಯಿಲ್ಲ. ಗೇರ್‌ಬಾಕ್ಸ್ ಆಯಿಲ್ ಸ್ವಚ್ಛವಾಗಿದೆ, ನಡುಕವಿಲ್ಲ, ಚಾಸಿಯಲ್ಲಿ ತುಕ್ಕಿಲ್ಲ. ಬೆಲೆಯನ್ನು ಸ್ವಲ್ಪ ಇಳಿಸಿ 7.3 ಅನ್ನೇ ತೆಗೆದುಕೊಂಡೆ. ಬಲಗಡೆಯ ವಾಲ್ವ್ ಕವರಿನೊಳಗಿನ ಪ್ಲಗ್ ನೀವು ಹೇಳಿದ ಹಾಗೆಯೇ ಕರಗಿತ್ತು. ಬದಲಿಸಿದ ಮೇಲೆ ಎಡವುವುದು ನಿಂತಿದೆ. ಒಂದು ಸಂದೇಹ ಉಳಿದಿದೆ: ಕೂಲೆಂಟ್ ಹಸಿರು ಬಣ್ಣದ್ದಿದೆ, ಅದಕ್ಕೇನಾದರೂ ಬೆರೆಸಬೇಕೇ?

ಸ್ಪ್ಯಾನರ್‌ಪಾಣಿ, ಒಕ್ಲಹೋಮ

ಬೆರೆಸಬೇಕು, ಆದರೆ ಅಳೆದು. 7.3ರ ಸಿಲಿಂಡರುಗಳಿಗೆ ಬೇರೆ ಲೈನರ್ ಇಲ್ಲ, ಅವನ್ನು ಬ್ಲಾಕಿನಲ್ಲೇ ನೇರವಾಗಿ ಕೊರೆದಿದ್ದಾರೆ. ಎಂಜಿನ್ ಓಡುವಾಗ ಸಿಲಿಂಡರ್ ಗೋಡೆ ನಡುಗಿ ಕೂಲೆಂಟಿನಲ್ಲಿ ಸಣ್ಣ ಗುಳ್ಳೆಗಳೆದ್ದು ಒಡೆಯುತ್ತವೆ, ಒಡೆದಲ್ಲೆಲ್ಲ ಲೋಹವನ್ನು ಹೊರಗಿನಿಂದ ಕೊರೆಯುತ್ತವೆ. ಅದನ್ನು ತಡೆಯುವುದು ಎಸ್‌ಸಿಎ ಎಂಬ ಸೇರ್ಪಡೆ. ಪರೀಕ್ಷಾ ಪಟ್ಟಿಗಳು ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತವೆ. ಪಟ್ಟಿಯ ಬಣ್ಣ ಕಡಿಮೆ ತೋರಿಸಿದರಷ್ಟೇ ಡಬ್ಬಿಯ ಮೇಲಿನ ಪ್ರಮಾಣದಂತೆ ಸುರಿಯಿರಿ, ಏಕೆಂದರೆ ಹೆಚ್ಚಾದರೆ ಅದೇ ಗಟ್ಟಿಯಾಗಿ ಬೇರ್ಪಟ್ಟು ವಾಟರ್ ಪಂಪಿನ ಸೀಲನ್ನು ತಿನ್ನುತ್ತದೆ. ಹಿಂದಿನವರು ಏನು ಹಾಕಿದ್ದರೆಂದು ದಾಖಲೆ ಇಲ್ಲವಾದರೆ ಎಲ್ಲವನ್ನೂ ಬಸಿದು, ತೊಳೆದು, ಡಿಸ್ಟಿಲ್ಡ್ ನೀರು ಬೆರೆಸಿದ ಇಸಿ-1 ಕೂಲೆಂಟ್ ತುಂಬಿಬಿಡಿ. ಆಗ ಎಸ್‌ಸಿಎ ಲೆಕ್ಕ ಇಡುವ ಕೆಲಸವೇ ಇರುವುದಿಲ್ಲ.